ಸಂಡಿಗೆಯ ಪಕ್ಕದಲ್ಲಿ ಒಣಗಿದ ರೆಕ್ಕೆ

ಇವತ್ತು ಬೆಳಗ್ಗೆಯಿಂದ ನಾನು ಮಾಡಿದ ಕೆಲಸಗಳು ಇಷ್ಟು. ಹಾಲು ಕಾಯಿಸಿದೆ. ಬಾಗಿಲಿಗೆ ನೀರು ಹಾಕಿ ರಂಗೋಲಿ ಎಳೆದೆ. ಯಜಮಾನರ ಡಬ್ಬಿಗೆ ಚಿತ್ರಾನ್ನ ಕಲಸಿದೆ. ನೀರಿನ ಟ್ಯಾಂಕರಿನವನಿಗೆ ಫೋನ್ ಮಾಡಿದೆ. ಅವನು ‘ದಾರೀಲಿದೀನಿ ಅಕ್ಕ’ ಎಂದದ್ದರಿಂದ ಇನ್ನೂ ಮನೆಯಲ್ಲೇ ಇದ್ದಾನೆಂದು ತಿಳಿದುಕೊಂಡೆ. ದಂಟಿನ ಸೊಪ್ಪು ಬಿಡಿಸಿದೆ. ತಾರಸಿಗೆ ಹೋಗಿ ನಿನ್ನೆ ಇಟ್ಟ ಸಂಡಿಗೆಯನ್ನು ಮಗುಚಿ ಹಾಕಿದೆ. ಆಮೇಲೆ, ಜಲಾಂತರ್ಗಾಮಿಗಳನ್ನು ಬೇಟೆಯಾಡುವ ವಿಮಾನವೊಂದರ ಎಡ ರೆಕ್ಕೆಯನ್ನು ಬಿಸಿನೀರಿನಲ್ಲಿ ಅದ್ದಿ ನೆಟ್ಟಗೆ ಮಾಡಿದೆ.

ಗಾಬರಿ ಬೇಡ. ವಿಮಾನ ದೊಡ್ಡದಲ್ಲ. ರೆಕ್ಕೆ ಬಿಚ್ಚಿದರೂ ಒಂದು ಮೊಳಕ್ಕೆ ಕಡಿಮೆಯೇ. ಆದರೆ ಅದು ನಮ್ಮ ಊಟದ ಮೇಜನ್ನು ಹಿಡಿದುಕೊಂಡಿರುವ ರೀತಿ ನೋಡಿದರೆ, ದೇವನಹಳ್ಳಿಯಲ್ಲಿ ಇಳಿಯಲು ಜಾಗ ಸಿಗದ ಯಾವುದೋ ನಿಜವಾದ ವಿಮಾನವೇ ನಮ್ಮ ಮನೆಗೆ ಬಂದು ಇಳಿದಿದೆಯೇನೋ ಅನ್ನಿಸುತ್ತದೆ. ಸಂಕ್ರಾಂತಿ ಕಳೆದಾಗಿನಿಂದ ನಾವು ಮೂವರೂ ನೆಲದ ಮೇಲೆ ಕೂತು ಉಣ್ಣುತ್ತಿದ್ದೇವೆ. ಮೇಜು ಕೊಂಡದ್ದೇ ಮಾವನವರಿಗೆ ಮಂಡಿ ನೋವು, ನೆಲದಲ್ಲಿ ಕೂರಲಾಗುವುದಿಲ್ಲ ಎಂದು. ಈಗ ಅವರು ಮಂಡಿನೋವಿನ ಸುದ್ದಿಯನ್ನೇ ಎತ್ತುವುದಿಲ್ಲ.

ಮಾವನವರ ವಿಷಯ ಹೇಳಬೇಕು. ಅವರ ಊರು ಚನ್ನರಾಯಪಟ್ಟಣ ಹೋಬಳಿಯ ಒಂದು ಹಳ್ಳಿ. ಅಲ್ಲಿಯ ಜನ ಕಂಡ ಅತಿ ದೊಡ್ಡ ನೀರು ಎಂದರೆ ಊರ ಮುಂದಿನ ಕೆರೆ, ಅದೂ ತುಂಬಿದ ವರ್ಷ. ಅಂಥ ಊರಿನಿಂದ ಹೊರಟ ಹುಡುಗ ನೌಕಾಪಡೆ ಸೇರಿದ್ದು ಹೇಗೆ? ಸೈನ್ಯಕ್ಕೆ ಸೇರಲು ಹೋದವರು ತಪ್ಪು ಸಾಲಿನಲ್ಲಿ ನಿಂತುಬಿಟ್ಟರು ಎಂದು ನಮ್ಮತ್ತೆ ಇರುವವರೆಗೂ ಹೇಳುತ್ತಿದ್ದರು. ಮಾವ ಅದನ್ನು ಒಪ್ಪಲೂ ಇಲ್ಲ, ಅಲ್ಲಗಳೆಯಲೂ ಇಲ್ಲ. ಅಂತೂ ವಿಮಾನ ಹೊರುವ ದೊಡ್ಡ ಹಡಗಿನಲ್ಲಿ ಮೆಕ್ಯಾನಿಕ್ ಆಗಿ ದುಡಿದರು. ಅವರ ಕೈಗೆ ಬಂದದ್ದು ಫ್ರಾನ್ಸಿನವರು ಮಾಡಿದ, ಮೂಗಿನಲ್ಲಿ ಫ್ಯಾನು ತಿರುಗುವ ಅಲಿಜೆ ಎಂಬ ವಿಮಾನ. ಕಡಲ ಮೇಲೆ ವರ್ಷವಿಡೀ ಒಂದೇ ದಿಕ್ಕಿಗೆ ಬೀಸುವ ಗಾಳಿಗೆ ಅವರ ಭಾಷೆಯಲ್ಲಿ ಆ ಹೆಸರಂತೆ. ಒಂದೇ ದಿಕ್ಕಿಗೆ ಬೀಸುವ ಗಾಳಿ ಹೇಗಿರುತ್ತದೆಂದು ಮಾವನವರ ಜೊತೆ ಒಂದೇ ಮನೆಯಲ್ಲಿ ಬದುಕಿದವರಿಗೆ ಬಿಡಿಸಿ ಹೇಳಬೇಕಿಲ್ಲ.

ನಮ್ಮ ಮನೆಯ ನೆತ್ತಿಯ ಮೇಲೆ ಹಗಲೂ ರಾತ್ರಿ ವಿಮಾನಗಳು ಹೋಗುತ್ತವೆ. ಯಜಮಾನರ ಕೆಲಸವೂ ವಿಮಾನ ನಿಲ್ದಾಣದಲ್ಲೇ, ಸರಕು ವಿಭಾಗದಲ್ಲಿ. ದಿನವೂ ವಿಮಾನದ ಹೊಟ್ಟೆಗೆ ಗುಲಾಬಿ ಹೂವು, ಹಸಿಮೆಣಸಿನಕಾಯಿ ತುಂಬಿಸಿ ಆಕಳಿಸುತ್ತಾ ಮನೆಗೆ ಬರುತ್ತಾರೆ. ಮಾವ ಮಾತ್ರ ಈ ವಿಮಾನಗಳತ್ತ ತಲೆಯೆತ್ತಿ ನೋಡಿದವರಲ್ಲ. ಅವು ಬಸ್ಸುಗಳು ಎನ್ನುತ್ತಾರೆ.

ಹೊಸಕೋಟೆಗೆ ಕೊಟ್ಟಿರುವ ನಮ್ಮ ಮಗಳು ತಾತನ ಹುಟ್ಟುಹಬ್ಬಕ್ಕೆಂದು ಎಲ್ಲೆಲ್ಲೋ ಹುಡುಕಿ ಹೊರದೇಶದಿಂದ ಈ ಅಲಿಜೆಯ ಮಾದರಿಯನ್ನು ತರಿಸಿಕೊಟ್ಟಳು. ಪೆಟ್ಟಿಗೆಯ ಮೇಲೆ ರೆಕ್ಕೆ ಬಿಚ್ಚಿ ಸಮುದ್ರದ ಮೇಲೆ ಹಾರುತ್ತಿರುವ ಚೆಂದದ ಚಿತ್ರ. ಒಳಗೆ ನೋಡಿದರೆ ನಾವೇ ಜೋಡಿಸಿಕೊಳ್ಳಬೇಕಾದ ಕೆನೆಬಣ್ಣದ ಮುರುಕಲು ತುಂಡುಗಳು. ರೆಸಿನ್ ಎಂದು ಅದರ ಹೆಸರು. ಅಚ್ಚಿಗೆ ಸುರಿದು ಗಟ್ಟಿ ಮಾಡಿದ ಅಂಟು. ಒಂದೊಂದು ತುಂಡಿಗೂ ಬೇಡದ ಗೆಡ್ಡೆಯೊಂದು ಅಂಟಿಕೊಂಡಿರುತ್ತದೆ, ಅದನ್ನು ಸಣ್ಣ ಗರಗಸದಿಂದ ಕೊಯ್ದು ತೆಗೆಯಬೇಕು. ಅಲ್ಲಲ್ಲಿ ಗಾಳಿಗುಳ್ಳೆ ಒಡೆದ ತೂತು, ಅದಕ್ಕೆ ಪುಟ್ಟಿ ತುಂಬಬೇಕು. ಆಮೇಲೆ ಸ್ಯಾಂಡ್‌ಪೇಪರಿನಲ್ಲಿ ಉಜ್ಜಬೇಕು, ಅದೂ ನೀರಿನಲ್ಲಿ, ಏಕೆಂದರೆ ಆ ಪುಡಿ ಎದೆಗೆ ಒಳ್ಳೆಯದಲ್ಲ. ಮೂಗಿಗೆ ಬಟ್ಟೆ ಕಟ್ಟಿಕೊಂಡು ಬಚ್ಚಲುಮನೆಯಲ್ಲಿ ಕುಕ್ಕರುಗಾಲಿನಲ್ಲಿ ಕೂತು ವಿಮಾನ ತಿಕ್ಕುವ ಹೆಂಗಸನ್ನು ನೋಡಿ ಹಾಲಿನವನು ಒಂದು ದಿನ ಬಾಗಿಲಲ್ಲೇ ನಿಂತುಬಿಟ್ಟಿದ್ದ.

ಇಷ್ಟಕ್ಕೂ ಉಡುಗೊರೆ ಬಂದದ್ದು ಮಾವನಿಗೆ, ತಿಕ್ಕುವುದು ನಾನೇಕೆ? ಈಚೆಗೆ ಅವರ ಎರಡೂ ಕೈ ನಡುಗುತ್ತವೆ. ಸುಮ್ಮನೆ ತೊಡೆಯ ಮೇಲಿಟ್ಟುಕೊಂಡರೂ ನಡುಗುತ್ತವೆ. ಕಾಫಿ ಲೋಟ ಅರ್ಧವೇ ತುಂಬಿಸಿ ಕೊಡುತ್ತೇನೆ. ಪೆಟ್ಟಿಗೆ ಬಂದ ದಿನ ಅವರೇ ಬಿಚ್ಚಿದರು, ವಿಮಾನದ ಮೂಗನ್ನು ಎತ್ತಿಕೊಂಡರು. ಅದು ಬೆರಳ ಸಂದಿಯಿಂದ ಹಾರಿ ದಿವಾನದ ಕೆಳಗೆ ಹೋಯಿತು. ಹುಡುಕಿ ಕೊಟ್ಟೆ. ಮತ್ತೆ ಹಾರಿತು. ಮಾವ ಪೆಟ್ಟಿಗೆಯನ್ನು ಮೆಲ್ಲಗೆ ನನ್ನ ಕಡೆ ನೂಕಿ, “ನೀನು ಹಿಡ್ಕೊ. ನಾನು ಹೇಳ್ತೀನಿ” ಎಂದರು.

ಅಂದಿನಿಂದ ನಾನು ಕೈ, ಅವರು ಬಾಯಿ. ಆ ಬಾಯಿಗೆ ನಡುಕವಿಲ್ಲ.

ನನ್ನ ಕೈಗೆ ಗೊತ್ತಿದ್ದದ್ದು ಸೀರೆಗೆ ಕುಚ್ಚು ಕಟ್ಟುವುದು. ದೊಡ್ಡಬಳ್ಳಾಪುರದಲ್ಲಿ ಬೆಳೆದವಳಾದ್ದರಿಂದ ಹೆರಳು ಹಾಕಿಕೊಳ್ಳುವುದನ್ನು ಕಲಿಯುವ ಮೊದಲೇ ಕುಚ್ಚಿನ ಗಂಟು ಕಲಿತಿದ್ದೆ. ಕುಚ್ಚಿನಲ್ಲಿ ಒಂದು ಎಳೆ ಹೆಚ್ಚು ಕಡಿಮೆಯಾದರೆ ಉಟ್ಟವರಿಗೂ ಗೊತ್ತಾಗುವುದಿಲ್ಲ. ವಿಮಾನದಲ್ಲಿ ಹಾಗಲ್ಲ. ಚಕ್ರ ಒಂದು ಅಕ್ಕಿಕಾಳಿನಷ್ಟು ವಾಲಿದೆ ಎಂದು ಮಾವ ಎದುರು ಕುರ್ಚಿಯಿಂದಲೇ ಹೇಳುತ್ತಾರೆ. ಅವರಿಗೆ ಕ್ಯಾಲೆಂಡರಿನ ತಾರೀಕು ಕಾಣಿಸುವುದಿಲ್ಲ, ಇದು ಕಾಣಿಸುತ್ತದೆ. ಬಿಚ್ಚಿಸಿದರು, ಅಂಟಿಸಿದೆ. ಮತ್ತೆ ಬಿಚ್ಚಿಸಿದರು. ತಕ್ಷಣ ಅಂಟುವ ಗೋಂದಿನಿಂದ ನನ್ನ ಹೆಬ್ಬೆರಳೂ ತೋರುಬೆರಳೂ ಅಂಟಿಕೊಂಡು, ಅದೇ ಕೈಯಲ್ಲಿ ಒಗ್ಗರಣೆ ಹಾಕಿದೆ. ಮೂಗು ಭಾರವಾಗಿರದಿದ್ದರೆ ವಿಮಾನ ಬಾಲದ ಮೇಲೆ ಕೂತುಬಿಡುತ್ತದೆಂದು ತಮ್ಮ ಹಳೇ ಸೈಕಲ್ಲಿನ ಚಕ್ರ ಬಿಚ್ಚಿಸಿ ಅದರ ಉಕ್ಕಿನ ಗುಂಡುಗಳನ್ನು ಮೂಗಿನೊಳಗೆ ತುಂಬಿಸಿದರು. ಒಂದು ದಿನ ತಾಳ್ಮೆ ಕೆಟ್ಟು, ಇದೊಂದು ಆಟದ ಸಾಮಾನು ಮಾವ, ಇದೇನು ನಿಜವಾಗಿ ಹಾರಬೇಕಾ ಎಂದೆ.

“ಮೂರು ಜನ ಕೂರ್ತಾರೆ ಕಣಮ್ಮ ಇದ್ರಲ್ಲಿ” ಎಂದರು.

ಚಕ್ರವನ್ನು ಮತ್ತೆ ಬಿಚ್ಚಿದೆ.

ಜಗಳ ಜೋರಾದದ್ದು ರೆಕ್ಕೆಯ ಹತ್ತಿರ ಬಂದಾಗ. ಹಡಗಿನಲ್ಲಿ ಜಾಗ ಕಡಿಮೆಯಾದ್ದರಿಂದ ಈ ವಿಮಾನಗಳ ರೆಕ್ಕೆ ನಡುವೆ ಮಡಚಿ ಮೇಲಕ್ಕೆ ನಿಲ್ಲುತ್ತದಂತೆ. ಮಾದರಿಯಲ್ಲೂ ಆ ಜಾಗದಲ್ಲಿ ತೆಳುವಾದ ಗೆರೆಯಿದೆ. ಬೇಕಾದವರು ಅಲ್ಲಿ ಕೊಯ್ದು ಮಡಚಿದಂತೆ ಅಂಟಿಸಬಹುದು. ನನಗೆ ಸಂತೋಷವಾಯಿತು. ನಮ್ಮ ಬದುಕೇ ಮಡಚುವುದರ ಮೇಲೆ ನಿಂತಿದೆ: ಚಾಪೆ, ಛತ್ರಿ, ಸೀರೆ, ನೆಂಟರು ಬಂದರೆ ಬಿಚ್ಚುವ ಕಬ್ಬಿಣದ ಮಂಚ. ಮಡಚಿದ ವಿಮಾನ ಟೀವಿ ಪಕ್ಕದ ಷೋಕೇಸಿನಲ್ಲಿ ಸಲೀಸಾಗಿ ಕೂರುತ್ತಿತ್ತು. ಹಿಂದೆ ಬೆಟ್ಟಗಳಿಗೆಲ್ಲ ರೆಕ್ಕೆಗಳಿದ್ದವು, ಅವು ಎಲ್ಲೆಂದರಲ್ಲಿ ಹಾರಿ ಬಂದು ಜನರ ತಲೆಯ ಮೇಲೆ ಕೂರುತ್ತಿದ್ದವು, ದೇವತೆಗಳ ರಾಜ ರೋಸಿಹೋಗಿ ಎಲ್ಲವನ್ನೂ ಕತ್ತರಿಸಿಹಾಕಿದ, ಒಂದು ಬೆಟ್ಟ ಮಾತ್ರ ರೆಕ್ಕೆ ಸಮೇತ ಸಮುದ್ರದೊಳಗೆ ಅಡಗಿಕೊಂಡಿತು ಎಂದು ಕಥೆಯಿದೆಯಲ್ಲ. ಚಿಕ್ಕಂದಿನಲ್ಲಿ ಅದನ್ನು ಕೇಳಿ ಬೆಟ್ಟಗಳ ಬಗ್ಗೆ ಮರುಗಿದ್ದೆ. ಈಗ ಊಟದ ಮೇಜು ನೋಡಿದಾಗಲೆಲ್ಲ ದೇವತೆಗಳ ರಾಜನ ಕಷ್ಟ ಅರ್ಥವಾಗುತ್ತದೆ. ಮಾವ ಮಾತ್ರ ಒಪ್ಪಲಿಲ್ಲ. ಬಿಚ್ಚಿದ ರೆಕ್ಕೆಯೇ ಬೇಕು, ಚಿತ್ರದಲ್ಲಿ ಇರುವ ಹಾಗೆ.

ಸರಿ ಎಂದು ಎರಡೂ ರೆಕ್ಕೆಗಳನ್ನು ಉಜ್ಜಿ ನುಣುಪು ಮಾಡಿ ಮೊನ್ನೆ ಮುಗಿಸಿದೆ. ಬಣ್ಣ ಹಿಡಿಯಬೇಕಾದರೆ ಜಿಡ್ಡು, ಪುಡಿ ಏನೂ ಇರಕೂಡದು, ಸೋಪು ಹಾಕಿ ತೊಳೆದು ಚೆನ್ನಾಗಿ ಒಣಗಿಸು ಎಂದರು ಮಾವ. ನೀವೇ ಹೇಳಿ, ಮಾರ್ಚ್ ತಿಂಗಳಲ್ಲಿ, ತಾರಸಿಯಿರುವ ಮನೆಯಲ್ಲಿ, ಚೆನ್ನಾಗಿ ಒಣಗಿಸು ಎಂದರೆ ಹೆಂಗಸಾದವಳು ಏನು ಮಾಡುತ್ತಾಳೆ? ಹೇಗೂ ಅಕ್ಕಿ ಸಂಡಿಗೆ ಇಡಬೇಕಿತ್ತು. ನಿನ್ನೆ ಹಳೇ ಪಂಚೆ ಹಾಸಿ, ನಾಲ್ಕು ಮೂಲೆಗೆ ಕಲ್ಲಿಟ್ಟು, ಸಂಡಿಗೆಯ ಸಾಲು ಮುಗಿದ ಕಡೆ ಎರಡು ರೆಕ್ಕೆಗಳನ್ನೂ ಇಟ್ಟೆ. ಬಣ್ಣವೂ ಹೆಚ್ಚುಕಡಿಮೆ ಒಂದೇ. ಕಾಗೆ ಬರದಿರಲೆಂದು ಕಪ್ಪು ಛತ್ರಿ ಬಿಚ್ಚಿಟ್ಟೆ. ನನ್ನ ಅಚ್ಚುಕಟ್ಟುತನಕ್ಕೆ ನಾನೇ ತಲೆದೂಗಿದೆ.

ಸಂಜೆ ಹೋಗಿ ನೋಡಿದರೆ ಸಂಡಿಗೆ ಸೊಗಸಾಗಿ ಒಣಗಿದೆ, ರೆಕ್ಕೆಗಳು ಅದಕ್ಕಿಂತ ಸೊಗಸಾಗಿ ಮುರುಟಿಕೊಂಡಿವೆ. ಎಡದ್ದು ಬಿಲ್ಲಿನ ಹಾಗೆ ಬಾಗಿದೆ. ಬಲದ್ದರ ತುದಿ ಎಣ್ಣೆಗೆ ಬಿಟ್ಟ ಹಪ್ಪಳದ ಹಾಗೆ ತಿರುಚಿದೆ. ರೆಸಿನ್ ಬಿಸಿಗೆ ಮೆತ್ತಗಾಗುತ್ತದೆ, ನೆರಳಲ್ಲಿ ಒಣಗಿಸಬೇಕು ಎಂಬುದು ಮಾವನಿಗೆ ಗೊತ್ತಿತ್ತು. ಅದನ್ನು ನನಗೆ ಹೇಳಬೇಕೆಂಬುದು ಮಾತ್ರ ಅವರಿಗೆ ಗೊತ್ತಿರಲಿಲ್ಲ. ನಾನು ಬೈಗುಳಕ್ಕೆ ಸಿದ್ಧಳಾಗಿ, ಉತ್ತರವನ್ನೂ ಜೋಡಿಸಿಕೊಂಡೇ ಕೆಳಗಿಳಿದೆ. ಅವರು ಬೈಯಲಿಲ್ಲ. ರೆಕ್ಕೆಗಳನ್ನು ನೋಡಿದರು, ತಮ್ಮ ಕೈಗಳನ್ನು ನೋಡಿದರು.

“ಸಾಕು, ಕಟ್ಟಿಟ್ಬಿಡಮ್ಮ. ಕೈಲಾಗದೋನು ಇಂಥವಕ್ಕೆಲ್ಲ ಕೈ ಹಾಕ್ಬಾರ್ದು” ಎಂದರು.

ಕೈ ಹಾಕಿದವಳು ನಾನು. ಆದರೆ ಅವರು ಹೇಳಿದ್ದು ನನ್ನ ಕೈಯ ಮಾತಲ್ಲ. ಆಮೇಲೆ ಹೊರಗೆ ಹೋಗಿ ಗೇಟಿನತ್ತ ಮುಖ ಮಾಡಿ ಕೂತವರು ಊಟಕ್ಕೆ ಕರೆದಾಗಲೇ ಎದ್ದದ್ದು. ಯಜಮಾನರು ಬಂದು ವಿಷಯ ಕೇಳಿ, “ಒಳ್ಳೇದಾಯ್ತು ಬಿಡು, ಮೇಜು ನಿಂದಾಯ್ತು” ಎಂದರು. ಎರಡು ತಿಂಗಳಿಂದ ನಾನು ಬೇಡಿಕೊಂಡದ್ದೂ ಅದನ್ನೇ. ಸಿಕ್ಕಿದಾಗ ಸಂತೋಷವಾಗಲಿಲ್ಲ, ಸಿಟ್ಟು ಬಂತು. ಇಷ್ಟು ದಿನ ಅಕ್ಕಿಕಾಳಿನಷ್ಟು ವಾಲಿದ್ದಕ್ಕೆ ಬಿಚ್ಚಿಸಿದ ಮನುಷ್ಯ ಈಗ ಇಡೀ ವಿಮಾನವನ್ನೇ ಬಿಟ್ಟುಕೊಡುವುದೆಂದರೇನು? ಮೂಗಿನಲ್ಲಿ ಸೈಕಲ್ ಗುಂಡು ತುಂಬಿದ ಮೇಲೆ ಹೀಗೆ ಮಾಡಬಹುದೇ?

ಅದಕ್ಕೇ ಇವತ್ತು ಯಜಮಾನರ ಡಬ್ಬಿ ಕಳಿಸಿ, ಟ್ಯಾಂಕರಿನವನನ್ನು ನಂಬಿ, ಸ್ನಾನದ ನೀರಿನ ಹಳೇ ಪಾತ್ರೆ ಒಲೆಯ ಮೇಲಿಟ್ಟೆ. ಬಿಸಿಗೆ ಬಾಗಿದ್ದು ಬಿಸಿಗೇ ನೆಟ್ಟಗಾಗಬೇಕು ಎಂಬುದಷ್ಟೇ ನನ್ನ ತರ್ಕ. ಎಡ ರೆಕ್ಕೆಯನ್ನು ಅದ್ದಿ, ಮೆತ್ತಗಾದಾಗ ತೆಗೆದು, ಚಪಾತಿ ಮಣೆಯ ಮೇಲೆ ಒತ್ತಿ ಹಿಡಿದು, ತಣ್ಣೀರು ಸುರಿದೆ. ನೆಟ್ಟಗಾಯಿತು. ಬಲದ್ದನ್ನೂ ಹಾಗೇ ಮಾಡಿದೆ. ಬುಡ ನೆಟ್ಟಗಾಯಿತು, ತುದಿಯ ತಿರುಚು ಹೋಗಲಿಲ್ಲ. ಮತ್ತೆ ಅದ್ದಿದೆ. ಹೋಗಲಿಲ್ಲ. ಪಾತ್ರೆಯ ಸದ್ದಿಗೆ ಮಾವ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಿದ್ದರು.

ನನ್ನ ಕೈಯಿಂದ ಬಲ ರೆಕ್ಕೆ ಇಸಿದುಕೊಂಡು ಬೆಳಕಿಗೆ ಹಿಡಿದು ನೋಡಿದರು. ಅದು ಅವರ ಕೈಯಲ್ಲಿ ಪಟಪಟ ಅಲುಗಿತು. ತಿರುಚು ಇರುವುದು ಗೆರೆಯ ಆಚೆಗೆ ಮಾತ್ರ, ಅಲ್ಲಿಗೆ ಕೊಯ್ದು ಮಡಚಿ ನಿಲ್ಲಿಸಿದರೆ ಕಾಣುವುದಿಲ್ಲ ಎಂದರು. ಹಾಗಾದರೆ ಎರಡನ್ನೂ ಮಡಚೋಣ ಎಂದೆ, ಷೋಕೇಸು ಕಣ್ಣ ಮುಂದೆ ಬಂದು.

“ಬೇಡ. ಒಂದು ಮಡಚಿರ್ಲಿ, ಒಂದು ಬಿಚ್ಚಿರ್ಲಿ. ರಿಪೇರಿಗೆ ನಿಲ್ಸಿದಾಗ ಹಂಗೇ ನಿಲ್ಸ್ತಿದ್ವಿ.”

ಆಮೇಲೆ ಹೇಳಿದರು. ಅವರ ಕೆಲಸ ಹಡಗಿನ ಹೊಟ್ಟೆಯೊಳಗೆ, ವಿಮಾನಗಳು ರೆಕ್ಕೆ ಮಡಚಿ ಒತ್ತಾಗಿ ನಿಲ್ಲುವ ಕಡೆ. ರಿಪೇರಿಯಾದದ್ದನ್ನು ಲಿಫ್ಟಿನಲ್ಲಿ ಮೇಲೆ ಕಳಿಸಿದರೆ ಮುಗಿಯಿತು. ಅದು ಹಾರುವ ಹೊತ್ತಿಗೆ ಇವರು ಇನ್ನೊಂದರ ಕೆಳಗೆ ಮಲಗಿರುತ್ತಿದ್ದರು. ಹಾರುವ ಸದ್ದು ಕೇಳಿದ್ದಾರೆ, ಹಾರುವುದನ್ನು ಸರಿಯಾಗಿ ನೋಡಿಯೇ ಇಲ್ಲ. ಅದಕ್ಕೇ ಬಿಚ್ಚಿದ ರೆಕ್ಕೆಯ ಹಟ. ಇದನ್ನು ಮೊದಲೇ ಹೇಳಿದ್ದರೆ ನಾನು ಷೋಕೇಸಿನ ಸುದ್ದಿಯನ್ನೇ ಎತ್ತುತ್ತಿರಲಿಲ್ಲವಲ್ಲ ಮಾವ ಎಂದೆ. “ನೀನು ಕೇಳ್ಲಿಲ್ಲ” ಎಂದರು.

ರೆಕ್ಕೆಯನ್ನು ಮಣೆಗೆ ಅದುಮಿ ಹಿಡಿದು ಗರಗಸಕ್ಕೆ ಕೈ ಚಾಚಿದೆ. ಗರಗಸ ಆಗಲೇ ಮಾವನ ಕೈಯಲ್ಲಿತ್ತು. ನಾನು ಬೇಡ ಎನ್ನಬೇಕಿತ್ತು. ಅನ್ನಲಿಲ್ಲ, ಎರಡು ಕೈಯಲ್ಲೂ ಇನ್ನಷ್ಟು ಬಿಗಿಯಾಗಿ ಹಿಡಿದೆ. ಗೆರೆಗೆ ಹಲ್ಲು ತಾಗಿಸುವವರೆಗೆ ಗರಗಸ ಅತ್ತಿತ್ತ ಹಾರಾಡಿತು. ತಾಗಿದ ಮೇಲೆ, ಹಿಂದೆ ಮುಂದೆ ಎಳೆಯುವ ಆ ಕೆಲಸದಲ್ಲಿ, ನಡುಕ ಯಾವುದು ಕೊಯ್ಯುವುದು ಯಾವುದು ಎಂದು ಬೇರೆ ಮಾಡಿ ಹೇಳಲು ಆಗುತ್ತಿರಲಿಲ್ಲ. ತುದಿ ಕಳಚಿ ಮಣೆಯ ಮೇಲೆ ಬಿತ್ತು. ಅಂಚು ನೋಡಿದೆ. ಒಂದು ಅಕ್ಕಿಕಾಳಿನಷ್ಟು ವಾಲಿತ್ತು. ಹೇಳಲು ಬಾಯಿ ತುರಿಸಿತು, ಸ್ಯಾಂಡ್‌ಪೇಪರ್ ಎತ್ತಿಕೊಂಡೆ.

ಈಗ ವಿಮಾನ ಮೇಜಿನ ಮೇಲೆ ಒಂದು ರೆಕ್ಕೆ ಚಾಚಿ, ಒಂದು ರೆಕ್ಕೆ ಎತ್ತಿ ನಿಂತಿದೆ, ಬಸ್ಸಿಗೆ ಕೈ ತೋರಿಸುವವರ ಹಾಗೆ. ಷೋಕೇಸಿನಲ್ಲಿ ಈಗಲೂ ಹಿಡಿಯುವುದಿಲ್ಲ. ಬಣ್ಣ ಬಾಕಿ, ಬಣ್ಣದ ಜಗಳ ಬಾಕಿ. ಮಡಚಿದ ರೆಕ್ಕೆಯ ಕಡೆ ಒಂದು ತಟ್ಟೆಗಾಗುವಷ್ಟು ಜಾಗ ನನಗೆ ವಾಪಸು ಸಿಕ್ಕಿದೆ. ಎರಡು ತಿಂಗಳ ಹೋರಾಟದಲ್ಲಿ ಗೆದ್ದ ನೆಲ ಅಷ್ಟು. ಅಲ್ಲಿ ಮಾವನ ತಟ್ಟೆ ಇಟ್ಟೆ. ತಮಗೆ ಮಂಡಿ ನೋವಿದೆ ಎಂದು ಅವರಿಗೆ ತಟ್ಟನೆ ನೆನಪಾಯಿತಂತೆ.

ಟ್ಯಾಂಕರಿನವನು ಬರಲಿಲ್ಲ. ರಾತ್ರಿಗೆ ಮುದ್ದೆ, ದಂಟಿನ ಸೊಪ್ಪಿನ ಬಸ್ಸಾರು, ಅದರದೇ ಪಲ್ಯ, ಹೊಸ ಸಂಡಿಗೆ ಕರಿದದ್ದು ನಾಲ್ಕು. ಯಜಮಾನರು ಸಂಡಿಗೆ ಕಡಿದು, ಇದರಲ್ಲಿ ವಿಮಾನದ ವಾಸನೆ ಇದೆ ಎಂದರು, ಇನ್ನೊಂದನ್ನೂ ತೆಗೆದುಕೊಂಡರು. ಮೊದಲು ಮಲಗಿದವರು ಮಾವ. ಗೊರಕೆ ಕೇಳಿ ದೀಪ ಆರಿಸಲು ಹೋದಾಗ ನೋಡಿದೆ: ಒಂದು ಕೈ ಎದೆಯ ಮೇಲೆ ಮಡಚಿತ್ತು, ಇನ್ನೊಂದು ಮಂಚದ ಆಚೆಗೆ ಚಾಚಿತ್ತು. ಎರಡೂ ಅಲುಗುತ್ತಿರಲಿಲ್ಲ.