ಬೂದುಗುಂಬಳದ ಮೇಲೆ ಕಲಿತ ದಾಡಿ

ಹೋದ ತಿಂಗಳು ಕಚೇರಿ ಕೆಲಸದ ಮೇಲೆ ಊರು ಬಿಟ್ಟು ಹೊರಟಿದ್ದೆ. ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣದ ತಪಾಸಣೆಯಲ್ಲಿ ನನ್ನ ಚೀಲವನ್ನು ಬದಿಗೆ ತೆಗೆದಿಟ್ಟರು. ಅಲ್ಲಿದ್ದ ತರುಣ ಸಿಬ್ಬಂದಿ ಒಳಗೆ ಕೈಹಾಕಿ ಒಂದು ಬಟ್ಟೆಯ ಗಂಟು ತೆಗೆದು ಬಿಚ್ಚಿದ. ಹಿತ್ತಾಳೆಯ ಹಳೆಯ ಸೇಫ್ಟಿ ರೇಜರ್, ದಾಡಿಯ ಮೇಲೆ ಹಚ್ಚುವ ಪಟಿಕ, ನಮ್ಮ ಕಡೆಯ ತುರಟಿ, ಅದರದೊಂದು ತುಂಡು. ಬೆಳಿಗ್ಗೆಯಷ್ಟೇ ಬಳಸಿದ್ದರಿಂದ ಎರಡೂ ಹಸಿಯಾಗಿದ್ದವು. ಸಾಬೂನು, ಹಿತ್ತಾಳೆ, ತುರಟಿ ಮೂರೂ ಕೂಡಿದ ತಣ್ಣನೆಯ ವಾಸನೆ ಮೂಗಿಗೆ ಬಡಿಯಿತು.

"ಬ್ಲೇಡ್ ಒಯ್ಯಾಕ ಬರೂದಿಲ್ರಿ ಸರ್," ಎಂದ. ಅದು ನನಗೆ ಗೊತ್ತಿರಬೇಕಿತ್ತು, ತಪ್ಪು ನನ್ನದೇ. ಬ್ಲೇಡ್ ತೆಗೆದು ಡಬ್ಬಿಗೆ ಹಾಕಿ, ರೇಜರನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದ. ಅವನ ಗಂಟಲಿನ ಮೇಲೆ, ಕಾಲರಿನ ಅಂಚಿಗೆ, ಕೆಂಪು ಗುಳ್ಳೆಗಳ ಸಾಲು ಎದ್ದಿತ್ತು. "ಇದರಾಗ ಖರೇನ ದಾಡಿ ಮಾಡ್ಕೋತೀರೇನ್ರಿ? ಬರತೈತೇನ್ರಿ ನಿಮಗ?" ಎಂದು ನಕ್ಕ.

ಸಿಟ್ಟು ನೆತ್ತಿಗೇರಿತು. ಪಾಪ, ಅವನು ಕೇಳಿದ್ದರಲ್ಲಿ ಏನೂ ತಪ್ಪಿಲ್ಲ. ಆದರೆ ಇದೇ ಪ್ರಶ್ನೆಯನ್ನು ಇದೇ ಬೆಳಗಾವಿಯಲ್ಲಿ ಇನ್ನೊಬ್ಬರು ನನಗೆ ಕೇಳಿ ಹದಿನೆಂಟು ವರ್ಷವಾಯಿತು. ಅವತ್ತು ನಾನು ಕೊಟ್ಟ ಉತ್ತರ ನೆನಪಾದರೆ ನನ್ನ ಕೆನ್ನೆಗೆ ನಾನೇ ಎರಡು ಬಾರಿಸಿಕೊಳ್ಳಬೇಕು ಅನಿಸುತ್ತದೆ... ಈಗಲೂ.

ಆಗ ನಾವು ಶಿವಬಸವ ನಗರದಲ್ಲಿ ಬಾಡಿಗೆಗೆ ಇದ್ದೆವು. ಬಾಜೂ ಮನೆಯಲ್ಲಿ ಕಾಕಾ, ಕಾಕೂ. ರಕ್ತಸಂಬಂಧ ಏನೂ ಇರಲಿಲ್ಲ, ಬಾಯಿತುಂಬ ಕರೆಯುವ ಸಂಬಂಧ ಅಷ್ಟೆ. ಕಾಕೂನ ತವರು ಖಾನಾಪುರ. ಬೈಯುವುದಕ್ಕೆ ಮರಾಠಿ, ಉಣಲಿಕ್ಕೆ ಕರೆಯುವುದಕ್ಕೆ ಕನ್ನಡ. ಮಕ್ಕಳಿರಲಿಲ್ಲ. ಕಾಕಾ ಲೋಂಡಾ ಸ್ಟೇಷನ್ನಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು. ದಾಡಿ ಮಾಡಿಕೊಳ್ಳದೆ ಒಂದು ದಿನವೂ ಡ್ಯೂಟಿಗೆ ಹೋದವರಲ್ಲವಂತೆ. ನಾವು ಆ ಮನೆಗೆ ಬರುವ ಹೊತ್ತಿಗೆ ಅವರಿಗೆ ಲಕ್ವಾ ಹೊಡೆದು ಬಲಗಡೆ ಪೂರ್ತಿ ಬಿದ್ದುಹೋಗಿತ್ತು. ತುಟಿ ಜೋತುಬಿದ್ದಿತ್ತು, ಮಾತು ನಿಂತಿತ್ತು.

ಮೊದಮೊದಲು ಕಟಿಂಗ್ ಅಂಗಡಿಯವನೊಬ್ಬ ಮನೆಗೆ ಬಂದು ದಾಡಿ ಮಾಡುತ್ತಿದ್ದನಂತೆ. ಅವನಿಗೆ ಯಾವಾಗಲೂ ಅವಸರ. ಜೋತುಬಿದ್ದ ಕೆನ್ನೆಯನ್ನು ಎಳೆದು ಕೆರೆದು ಹೋಗಿಬಿಡುವನು. ಎರಡು ದಿನಕ್ಕೆ ಗುಳ್ಳೆ ಎದ್ದು ಕೀವಾಗುತ್ತಿತ್ತು. ಕಾಕಾಗೆ ಹೇಳಲಿಕ್ಕೆ ಬಾಯಿಲ್ಲ. ಒಂದೇ ಕಣ್ಣಿನಿಂದ ನೀರು ಇಳಿಯುತ್ತಿತ್ತು. ಆ ನೀರು ಕಂಡ ದಿನ ಕಾಕೂ ಅವನನ್ನು ಮರಾಠಿಯಲ್ಲಿ ಬೈದು ಕಳಿಸಿ, ಗಂಡನ ರೇಜರನ್ನು ತಾವೇ ಕೈಗೆತ್ತಿಕೊಂಡರು.

ಅಲ್ಲಿಂದ ಮುಂದೆ ದಿನಾ ಬೆಳಿಗ್ಗೆ ಏಳಕ್ಕೆ ಕಾಕಾನನ್ನು ಬಾಗಿಲ ಮುಂದಿನ ಬಿಸಿಲಿಗೆ ಕುರ್ಚಿಯಲ್ಲಿ ಕೂಡಿಸುವುದು, ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಪಂಚೆಯ ತುಂಡನ್ನು ಮುಖದ ಮೇಲೆ ಇಡುವುದು, ಬ್ರಶ್ಶಿನಿಂದ ನೊರೆ ಹಚ್ಚುವುದು. ರೇಜರ್ ಇಳಿಯುವಾಗ ಚರ್ ಚರ್ ಎಂಬ ಸಣ್ಣ ಸದ್ದು ನಮ್ಮ ಅಂಗಳಕ್ಕೂ ಕೇಳುತ್ತಿತ್ತು. ಓಣಿಯ ಜನಕ್ಕೆ ಅದೊಂದು ಪುಕ್ಕಟೆ ಆಟ. ವಾಕಿಂಗ್ ಹೊರಟ ದೊಡ್ಡ ಮನುಷ್ಯರು ಬೇಕೆಂದೇ ಆ ಕಡೆಯಿಂದ ಹಾಯ್ದು, "ಗಂಡನ ಕುತ್ತಿಗಿಗೆ ದಿನಾ ಬ್ಲೇಡ್ ಹಿಡೀತಾಳ ನೋಡ್ರಿ" ಎಂದು ಕಿಸಕ್ಕನೆ ನಗುತ್ತಿದ್ದರು. ಅವರಲ್ಲಿ ಒಬ್ಬನಾದರೂ ಒಳಗೆ ಬಂದು ಕಾಕಾನ ಅಂಗಿಯ ಗುಂಡಿ ಹಾಕಿ ಹೋದದ್ದಿಲ್ಲ. ನಾಲಿಗೆ ಮಾತ್ರ ಉದ್ದ.

ನನಗೆ ಆಗ ಇಪ್ಪತ್ತೊಂದು. ಒಂದು ಲಾಡ್ಜಿನ ಕೌಂಟರಿನಲ್ಲಿ ಕೆಲಸ ಸಿಕ್ಕಿತ್ತು, ಆದರೆ ಮುಖ ಕೈಕೊಟ್ಟಿತ್ತು. ದಾಡಿಯನ್ನು ನಾನು ಕಲಿತದ್ದು ಅಪ್ಪನನ್ನು ನೋಡಿ. ಅಪ್ಪನ ಪದ್ಧತಿ ಎಂದರೆ ತಣ್ಣೀರು, ಮೈಗೆ ಹಚ್ಚುವ ಸಾಬೂನು, ಗಾಜಿನ ಲೋಟದ ಒಳಮೈಗೆ ತಿಕ್ಕಿ ತಿಕ್ಕಿ ತಿಂಗಳುಗಟ್ಟಲೆ ನಡೆಸಿದ ಬ್ಲೇಡು. ಸೋಮವಾರ ಆಗದು, ಮಂಗಳವಾರ ಆಗದು, ಶನಿವಾರ ಆಗದು, ಅಮಾವಾಸ್ಯೆ ಅಂತೂ ಕೇಳಲೇಬೇಡಿ. ಉಳಿದ ದಿನ ಮುಳ್ಳಿನಂತೆ ಬೆಳೆದದ್ದನ್ನು ಕೆಳಗಿನಿಂದ ಮೇಲಕ್ಕೆ ಒತ್ತಿ ಕೆರೆಯುವುದು. ಅಪ್ಪನ ಚರ್ಮ ಎಮ್ಮೆಯದು, ತಡೆಯುತ್ತಿತ್ತು. ನನ್ನ ಗಂಟಲು ಸುಟ್ಟ ಬದನೆಕಾಯಿ ಆಗುತ್ತಿತ್ತು. ಲಾಡ್ಜಿನ ಮ್ಯಾನೇಜರ್ ಒಂದು ದಿನ ಎಲ್ಲರ ಮುಂದೆ, "ಈ ಮಾರಿ ತಗೊಂಡು ಕೌಂಟರ್ ಮ್ಯಾಲ ಕುಂತ್ರ ಗಿರಾಕಿ ಓಡಿ ಹೋಗ್ತಾರ. ಎಂಟ ದಿನದಾಗ ಚಂದ ಮಾಡ್ಕೊಂಡು ಬಾ, ಇಲ್ಲಂದ್ರ ಬರಬ್ಯಾಡ" ಎಂದುಬಿಟ್ಟ.

ಮರುದಿನ ಗೋಡೆಯಾಚೆಯಿಂದ ಕಾಕೂ ಕೂಗಿದರು. "ಏ ತಮ್ಮಾ, ಮಾರಿ ಏನ ಮಾಡ್ಕೊಂಡೀಯೋ ಇದು? ಕೊಳ್ಳಿ ಇಟ್ಕೊಂಡಂಗ ಆಗೇತಲ್ಲ! ಒಳಗ ಬಾ ಇಲ್ಲೆ."

ಹೋದೆ. ರೇಜರ್ ಕೈಗೆ ಕೊಟ್ಟರು. ಮುಂದೆ ಇಟ್ಟದ್ದು ಕನ್ನಡಿಯನ್ನಲ್ಲ, ಒಂದು ಎಳೆಯ ಬೂದುಗುಂಬಳಕಾಯಿಯನ್ನು! ಮೈತುಂಬ ನವಿರಾದ ಕೂದಲಿದ್ದ ಕಾಯಿ. ಕಾಕಾನ ಮುಖ ಮುಟ್ಟುವ ಮೊದಲು ತಾವು ಎಂಟು ದಿನ ಕಲಿತದ್ದು ಇದರ ಮೇಲೆಯೇ ಎಂದರು. ಕೂದಲು ಹೋಗಬೇಕು, ಸಿಪ್ಪೆಗೆ ಗೀರು ಬೀಳಬಾರದು, ಅಷ್ಟೇ ಪರೀಕ್ಷೆ. ನಾನು ಅಪ್ಪನ ಮಗ. ಮೊದಲ ಎಳೆತಕ್ಕೇ ಸಿಪ್ಪೆ ಕಿತ್ತು ರಸ ಒಸರಿತು.

"ಒತ್ತಬ್ಯಾಡೋ ಮಾರಾಯಾ! ಅದರ ಭಾರ ಅದಕ್ಕ ಸಾಕು. ನಿನ್ನ ಜೋರ ಯಾರ ಕೇಳ್ಯಾರ ಇಲ್ಲೆ?"

ನಾನು ಗೀರಿದ ಕುಂಬಳ ಸಂಜೆ ಅವರ ಸಾರಿಗೆ ಬೀಳುತ್ತಿತ್ತು. ಮೂರು ದಿನ ಹಾಗೆ ನಡೆಯಿತು. ನಾಲ್ಕನೆಯ ದಿನ ನನ್ನ ಮುಖ. ಮೊದಲು ಕಣ್ಣು ಮುಚ್ಚಿ ಬೆರಳಾಡಿಸಿ ಕೂದಲು ಯಾವ ಕಡೆಗೆ ಮಲಗಿದೆ ಎಂದು ತಿಳಿಯಬೇಕು. ಕೆನ್ನೆಯ ಮೇಲೆ ಅದು ಕೆಳಕ್ಕೆ ಮಲಗಿತ್ತು, ಗಂಟಲ ಬುಡದಲ್ಲಿ ಮೇಲಕ್ಕೆ. ಇಪ್ಪತ್ತೊಂದು ವರ್ಷ ಹೊತ್ತು ತಿರುಗಿದ ಮುಖ, ನನಗದು ಗೊತ್ತೇ ಇರಲಿಲ್ಲ. ಬಿಸಿನೀರಿನ ಬಟ್ಟೆ ಇಟ್ಟು ತಾಳ್ಮೆಯಿಂದ ಕೂಡಬೇಕು. ಕೂದಲು ಮಲಗಿದ ದಿಕ್ಕಿಗೇ ರೇಜರನ್ನು ಸಣ್ಣ ಸಣ್ಣದಾಗಿ ಎಳೆಯಬೇಕು, ಎರಡೆಳೆತಕ್ಕೊಮ್ಮೆ ತೊಳೆಯಬೇಕು, ನಾಲ್ಕೈದು ದಾಡಿಗೆ ಬ್ಲೇಡ್ ಎಸೆಯಬೇಕು. ಕೊನೆಗೆ ತಣ್ಣೀರು, ತುರಟಿ. ತುರಟಿ ಹಚ್ಚಿದಾಗ ದವಡೆಯ ಕೆಳಗೆ ಚುರ್ ಎಂದಿತು. ಕಾಕೂ ನಕ್ಕರು. "ಅಲ್ಲೆ ಒತ್ತೀದಿ. ತುರಟಿ ಚಾಡಿ ಹೇಳತೈತಿ ನೋಡು."

ಎಂಟನೆಯ ದಿನ ಗಂಟಲ ಮೇಲಿನ ಗುಳ್ಳೆಗಳು ಆರಿದ್ದವು. ಮ್ಯಾನೇಜರ್ ಗಲ್ಲ ಹಿಡಿದು ತಿರುಗಿಸಿ ನೋಡಿ, ಕೌಂಟರಿನಲ್ಲಿ ಕೂಡಲು ಹೇಳಿದ. ಇವತ್ತು ನಾನು ಉಣ್ಣುವ ಅನ್ನ ಆ ಕುರ್ಚಿಯಿಂದ ಶುರುವಾದದ್ದು. ಜೊತೆಗಿದ್ದವರು ಯಾರು ಕಲಿಸಿದರೆಂದು ಕೇಳಿದರು. "ನಮ್ಮ ಮಾವ ಮಿಲಿಟರಿಯಾಗ ಅದಾನ, ಅವನ ಹೇಳಿಕೊಟ್ಟ" ಎಂದೆ. ನನಗೆ ಮಿಲಿಟರಿಯಲ್ಲಿ ಯಾವ ಮಾವನೂ ಇಲ್ಲ! ಮನೆಯಲ್ಲಿ ಅಪ್ಪನಿಗೆ ಕುಂಬಳಕಾಯಿಯ ಸುದ್ದಿ ಹೇಗೋ ತಿಳಿದು, "ಹೆಂಗಸಿನ ಕಡೆ ದಾಡಿ ಕಲಿಯೂ ಗಂಡಸ ಹುಟ್ಟ್ಯಾನ ನಮ್ಮನ್ಯಾಗ" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. ಆ ನಗುವಿಗೆ ನಾನು ಹೆದರಿದೆ. ಓಣಿಗೆ ಗೊತ್ತಾದರೆ, ಗೆಳೆಯರಿಗೆ ಗೊತ್ತಾದರೆ... ಇದೇ ಚಿಂತೆ. ಥೂ.

ಒಂದು ವರ್ಷದ ಮೇಲೆ ಕಾಕಾ ತೀರಿಕೊಂಡರು. ಮಂಗಳವಾರ, ಬೆಳಗಾಗುವ ಹೊತ್ತಿಗೆ, ಅಂದಿನ ದಾಡಿ ಆಗುವ ಮೊದಲೇ. ನಮ್ಮ ಕಡೆ ಸತ್ತವರಿಗೆ ಸ್ನಾನ ಮಾಡಿಸಿ, ಹಣೆಗೆ ವಿಭೂತಿ ಬಳಿದು, ಹೂವು ಹಾಕಿ, ಕೂಡಿಸಿಯೇ ಮಣ್ಣಿಗೆ ಒಯ್ಯುವುದು. ದಿನವಿಡೀ ಬಂದವರೆಲ್ಲ ಆ ಮುಖವನ್ನು ಎದುರಿಗೆ ನಿಂತು ನೋಡುತ್ತಾರೆ. ಅದಕ್ಕೇ ಕಾಕೂ ಅಳುವುದನ್ನು ಬಿಟ್ಟು ಮೊದಲು ಒಲೆಯ ಮೇಲೆ ನೀರಿಟ್ಟರು. ಬಿಸಿನೀರಿನ ತಂಬಿಗೆ, ಬ್ರಶ್ಶು, ರೇಜರ್ ಹಿಡಿದುಕೊಂಡು ಹೊರಗೆ ಬಂದರು.

ಕಾಕಾನ ಅಣ್ಣ ಹಳ್ಳಿಯಿಂದ ಮಗನನ್ನು ಕರೆದುಕೊಂಡು ಬಂದಿದ್ದರು. ಒಡಹುಟ್ಟಿದ ತಮ್ಮ ಹಾಸಿಗೆ ಹಿಡಿದ ನಾಲ್ಕು ವರ್ಷದಲ್ಲಿ ಎರಡು ಸಲ ಬಂದು ಚಹಾ ಕುಡಿದು ಹೋದ ಮನುಷ್ಯ, ಅವತ್ತು ಮನೆಯ ಯಜಮಾನ. ಕಾಕೂನ ಕೈಯಲ್ಲಿ ರೇಜರ್ ಕಂಡು, "ಏನದು? ಹೆಂಗಸಿನ ಕೈಲೆ ದಾಡಿ ಮಾಡಿಸ್ಕೊಂಡು ಮಣ್ಣಿಗೆ ಹೋಗೂದೇನು? ನಮ್ಮ ಮನಿತನದಾಗ ಇಂಥಾದ್ದು ಇಲ್ಲ. ಹಿಂದ ಸರೀರಿ" ಎಂದು ಗದರಿಸಿದರು. ಅಂಗಳದ ತುಂಬ ಗಂಡಸರಿದ್ದರು, ನನ್ನ ಅಪ್ಪನೂ ಇದ್ದ. ಎಲ್ಲರೂ ತಲೆ ತಗ್ಗಿಸಿ ನೆಲ ನೋಡಿದರು. ಕಟಿಂಗ್ ಅಂಗಡಿಗಳಿಗೆ ಮಂಗಳವಾರ ರಜೆ, ಕರೆಯೋಣವೆಂದರೆ ಯಾರೂ ಸಿಗುವಂತಿರಲಿಲ್ಲ.

ಕಾಕೂ ಸೆರಗು ಸರಿಮಾಡಿಕೊಂಡು, ಭಾವನ ಮುಖ ನೋಡದೆ, ಸ್ಪಷ್ಟವಾಗಿ ಹೇಳಿದರು: "ನಾ ಮಾಡೂದು ಬ್ಯಾಡಂದ್ರ ಬ್ಯಾಡ್ರಿ ಭಾವಾರ. ಈ ಹುಡುಗ ಮಾಡಲಿ. ಅವಗ ಬರತೈತಿ."

ಎಲ್ಲರೂ ನನ್ನ ಕಡೆ ತಿರುಗಿದರು. "ಏನೋ, ಬರತೈತೇನು ನಿನಗ?" ಎಂದು ಆ ಮನುಷ್ಯ ಕೇಳಿದ.

ಅಪ್ಪ ನನ್ನನ್ನೇ ನೋಡುತ್ತಿದ್ದ. ಗೋಡೆಯ ಹತ್ತಿರ ಓಣಿಯ ಗೆಳೆಯರು ನಿಂತಿದ್ದರು. ನಾನು "ಇಲ್ರಿ" ಎಂದೆ.

ಎರಡಕ್ಷರ. ಹೇಳಲಿಕ್ಕೆ ಎಷ್ಟು ಹೊತ್ತು ಬೇಕು? ಕಾಕೂ ನನ್ನನ್ನು ಬೈಯಲಿಲ್ಲ, ಮರಾಠಿಯಲ್ಲೂ ಬೈಯಲಿಲ್ಲ. ತಂಬಿಗೆಯನ್ನು ಒಳಗೆ ಒಯ್ದರು. ಹಿತ್ತಲಲ್ಲಿ ನೀರು ಚೆಲ್ಲಿದ ಸಪ್ಪಳ ಕೇಳಿಸಿತು.

ಅಣ್ಣನ ಮಗ ಮೂಲೆಯ ಅಂಗಡಿಯಿಂದ ಪ್ಲಾಸ್ಟಿಕ್ ರೇಜರ್ ತಂದ. ನೊರೆ ಇಲ್ಲ, ಬಿಸಿನೀರಿಲ್ಲ. ನಲ್ಲಿಯ ನೀರು ಚಿಮುಕಿಸಿ ಪರ ಪರ ಕೆರೆದ, ಕೆಳಗಿನಿಂದ ಮೇಲಕ್ಕೆ. ಜನ ಬರತೊಡಗಿದ್ದರು, ಅವನಿಗೂ ಅವಸರ. ನಾನು ಮೂರು ಮಾರು ದೂರದಲ್ಲಿ ಕೈಕಟ್ಟಿ ನಿಂತು ನೋಡಿದೆ. ಗಂಟಲ ಬುಡದಲ್ಲಿ ಕೂದಲು ಮೇಲಕ್ಕೆ ಮಲಗಿರುತ್ತದೋ, ಕೆಳಕ್ಕೋ, ಅವನಿಗೇನು ಗೊತ್ತು. ಗೊತ್ತಿದ್ದದ್ದು ನನಗೆ. ಸತ್ತ ಚರ್ಮ ಆ ಕ್ಷಣಕ್ಕೆ ಕೆಂಪಾಗುವುದಿಲ್ಲ. ಮಧ್ಯಾಹ್ನ ಮುಖ ಒಣಗುತ್ತ ಬಂದಹಾಗೆ ಕೆನ್ನೆ, ದವಡೆ, ಗಂಟಲಿನ ಮೇಲೆಲ್ಲ ಕಂದು ಗೀರುಗಳು ಎದ್ದವು. ನೋಡಲು ಬಂದ ಹೆಂಗಸರು ತಮ್ಮತಮ್ಮಲ್ಲೇ ಪಿಸುಗುಟ್ಟಿದರು. ಆಗ ಅಣ್ಣನಾದವರು ವಿಭೂತಿ ತರಿಸಿ ಗೀರುಗಳ ಮೇಲೆಲ್ಲ ಬಳಿದು ಮುಚ್ಚಿದರು. ಕಾಕೂ ವರ್ಷಗಟ್ಟಲೆ ಒಂದು ಗುಳ್ಳೆ ಏಳದಂತೆ ಕಾಯ್ದ ಮುಖ. ಕಾಕೂ ಎದುರಿಗೇ ಕೂತಿದ್ದರು, ಕಣ್ಣು ಕದಲಿಸಲಿಲ್ಲ.

ಆ ಅಣ್ಣನ ಮೇಲೆ ಸಿಟ್ಟಿದೆ. ಅಂಗಳದಲ್ಲಿ ತಲೆ ತಗ್ಗಿಸಿ ನಿಂತ ಗಂಡಸರ ಮೇಲಿದೆ. ಅಪ್ಪನ ಮೇಲೆ ಅವನು ಸಾಯುವವರೆಗೂ ಇತ್ತು, ಒಂದು ದಿನವೂ ಹೇಳಲಿಲ್ಲ. ಆದರೆ ಇವರೆಲ್ಲರದನ್ನೂ ಕೂಡಿಸಿದರೂ ನನ್ನ ಆ ಒಂದು ಮಾತಿಗೆ ಸಮವಾಗುವುದಿಲ್ಲ. ಅವರಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು.

ತಿಂಗಳು ತುಂಬುವುದರೊಳಗೆ ಕಾಕೂ ಮನೆ ಖಾಲಿ ಮಾಡಿ ಖಾನಾಪುರಕ್ಕೆ, ತಮ್ಮನ ಮನೆಗೆ ಹೋದರು. ಹೊರಡುವ ದಿನ ನಾನು ಬೇಕೆಂದೇ ಡ್ಯೂಟಿ ಹಾಕಿಸಿಕೊಂಡಿದ್ದೆ. ಒಂದು ವರ್ಷ ಬಿಟ್ಟು, ಮನಸ್ಸು ಗಟ್ಟಿ ಮಾಡಿಕೊಂಡು, ಖಾನಾಪುರದ ಬಸ್ಸು ಹತ್ತಿದೆ. ಕ್ಷಮೆ ಕೇಳಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿದ್ದೆ. ಅವರು ಬಾಗಿಲು ತೆರೆದು, "ಬಾ ತಮ್ಮಾ, ಕುಂದರು" ಎಂದಾಗ ಜೋಡಿಸಿದ್ದೆಲ್ಲ ಉದುರಿಹೋಯಿತು. ಚಹಾ ಕೊಟ್ಟರು, ಅವಲಕ್ಕಿ ಕೊಟ್ಟರು. ಅವ್ವನ ಮೊಣಕಾಲು ನೋವಿನ ಬಗ್ಗೆ ಕೇಳಿದರು. ನನ್ನ ಮುಖವನ್ನು ಒಮ್ಮೆ ದಿಟ್ಟಿಸಿ ನೋಡಿದರು. ನುಣ್ಣಗಿತ್ತು ಅದು, ಅವರೇ ಕಲಿಸಿದಂತೆ. ಹೊರಡುವಾಗ ಒಳಗಿನಿಂದ ಈ ಬಟ್ಟೆಯ ಗಂಟು ತಂದು ಕೈಯಲ್ಲಿಟ್ಟರು.

"ನಿನಗ ಬರೂದಿಲ್ಲಂದ್ಯಲ್ಲ. ಇಟ್ಕೋ. ಕಲಿ."

ದನಿ ಏರಿರಲಿಲ್ಲ. ನಗಲೂ ಇಲ್ಲ. ನಾನು ಗಂಟು ಹಿಡಿದುಕೊಂಡು ಬಸ್‌ಸ್ಟ್ಯಾಂಡಿನವರೆಗೆ ಹೇಗೆ ನಡೆದೆನೋ... ಆಮೇಲೆ ಆ ಊರಿನ ಕಡೆ ಮುಖ ಹಾಕುವ ಎದೆಗಾರಿಕೆ ಬರಲಿಲ್ಲ. ಕಾಕೂ ತೀರಿಕೊಂಡು ನಾಲ್ಕು ವರ್ಷವಾಯಿತಂತೆ. ಅದೂ ನನಗೆ ಗೊತ್ತಾದದ್ದು ಯಾರದೋ ಮದುವೆಯ ಪಂಕ್ತಿಯಲ್ಲಿ ಕೂತಾಗ, ಬಡಿಸುವ ಗದ್ದಲದ ನಡುವೆ.

ಸಾಂಬ್ರಾದಲ್ಲಿ ಆ ತರುಣ ಇನ್ನೂ ನಗುತ್ತ ರೇಜರ್ ಹಿಡಿದು ನಿಂತಿದ್ದ. ಉತ್ತರಕ್ಕೆ ಕಾಯುತ್ತಿದ್ದನೋ, ಸುಮ್ಮನೆ ಕೇಳಿದ್ದನೋ.

"ಬರತೈತಿ," ಎಂದೆ. ದನಿ ನನಗೇ ಗೊತ್ತಿಲ್ಲದಂತೆ ಏರಿತ್ತು, ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. "ಭಾಳ ಚಲೋ ಬರತೈತಿ ನನಗ. ನಮ್ಮ ಬಾಜೂ ಮನಿ ಕಾಕೂ ಕಲಿಸ್ಯಾರ. ಕುಂಬಳಕಾಯಿ ಮ್ಯಾಲ ಕಲಿಸ್ಯಾರ. ತಿಳೀತೇನು?"

ಅವನ ನಗು ಹಾರಿಹೋಯಿತು. ರೇಜರನ್ನು ಬಟ್ಟೆಯಲ್ಲಿ ಸುತ್ತಿ ಟ್ರೇಯಲ್ಲಿಟ್ಟು, "ಆತ್ರಿ ಸರ್, ಸಿಟ್ಟಾಗಬ್ಯಾಡ್ರಿ. ಮುಂದ ಹೋಗ್ರಿ, ಹಿಂದ ಲೈನ್ ಐತಿ" ಎಂದ.

ಹೋದ ಊರಿನ ಹೋಟೆಲಿನ ಬಚ್ಚಲಲ್ಲಿ ಗಿರಾಕಿಗಳಿಗೆಂದು ಒಂದು ಪ್ಲಾಸ್ಟಿಕ್ ರೇಜರ್ ಇಟ್ಟಿದ್ದರು, ಅವತ್ತು ಕಾಕಾನ ಮುಖ ಕೆರೆದಂಥದ್ದೇ. ಅದನ್ನು ನಾನು ಮುಟ್ಟಲಿಲ್ಲ. ಅದರ ಪಕ್ಕದಲ್ಲಿ ಕಾಕೂನ ರೇಜರನ್ನಿಟ್ಟೆ. ಕಾಕೂನದರಲ್ಲಿ ಬ್ಲೇಡಿರಲಿಲ್ಲ, ಹತ್ತಿರದ ಅಂಗಡಿಗಳಲ್ಲೂ ಸಿಕ್ಕಿರಲಿಲ್ಲ. ಎರಡು ದಿನ ಬೆಳೆದ ಗಡ್ಡದಲ್ಲೇ ಮೀಟಿಂಗಿಗೆ ಹೋಗಿ ಕುಳಿತೆ.