ಸೈನಿಕರ ಸಂಘಕ್ಕೆ ಮಗಳ ಅರ್ಜಿ

ಹದಿನೇಳು ವರ್ಷ ಫೌಜಿನಲ್ಲಿದ್ದು ಹವಾಲ್ದಾರನಾಗಿ ಹೊರಬಂದವನು ನಾನು. ಈಗ ಅಬುಧಾಬಿಯ ಖಲೀಫಾ ಸಿಟಿಯ ಒಂದು ಶಾಲೆಯಲ್ಲಿ ಸೆಕ್ಯುರಿಟಿ ಸೂಪರ್‌ವೈಸರ್. ಪಾಸ್ ಇಲ್ಲದವರನ್ನು ಗೇಟಿನೊಳಗೆ ಬಿಡುವುದಿಲ್ಲ ಎಂದು ನನಗೆ ಹೆಸರೂ ಇದೆ, ಬೈಗುಳವೂ ಇದೆ. ಮಗು ಟಿಫಿನ್ ಮರೆತು ಬಂದಿದೆ ಎಂದು ಏದುಸಿರು ಬಿಡುತ್ತಾ ಓಡಿಬಂದ ತಾಯಂದಿರನ್ನೂ ಕಾರಿಗೆ ಅಟ್ಟಿ ಕಾರ್ಡು ತರಿಸಿದ್ದೇನೆ. ಇಂಥ ನಾನು ಒಂದು ಅರ್ಜಿಯಲ್ಲಿ ಸುಳ್ಳು ಬರೆದು ಸಹಿ ಹಾಕಿದ್ದೆ. ಬರೆಯುವಾಗ ಅದು ಸುಳ್ಳೆಂದು ನನಗೆ ಹೊಳೆದೇ ಇರಲಿಲ್ಲ.

ಅರ್ಜಿ ಮಗಳಿಗಾಗಿ. ನರ್ಸಿಂಗ್ ಮುಗಿಸಿದ್ದ ಅವಳಿಗೆ ಮಂಗಳೂರಿನಲ್ಲಿ ಎಂ.ಎಸ್ಸಿ. ಸೀಟು ಸಿಕ್ಕಿತ್ತು. ತಿಂಗಳ ಇಪ್ಪತ್ತರೊಳಗೆ ಫೀಸು ಕಟ್ಟದಿದ್ದರೆ ಸೀಟು ಬೇರೆಯವರ ಪಾಲು. ದೊಡ್ಡ ಬ್ಯಾಂಕಿನವರು ಜಾಗದ ಪತ್ರ ಕೇಳಿದರು, ನಮ್ಮ ಜಾಗ ನಾಲ್ಕು ಜನ ಅಣ್ಣತಮ್ಮಂದಿರ ಹೆಸರಿನಲ್ಲಿ ಸಿಕ್ಕಿಕೊಂಡಿತ್ತು. ಅಳಿಯ ತಾನೇ ಕಟ್ಟುತ್ತೇನೆಂದ. ಮಗಳು ಒಪ್ಪಲಿಲ್ಲ. ಕಟ್ಟಿದವರು ನಾಳೆ ಸಾಕು ಎಂದರೆ ತಾನು ನಿಲ್ಲಿಸಬೇಕಾಗುತ್ತದೆ ಎಂದು ಅವಳ ಉಮ್ಮ, ಅಂದರೆ ನನ್ನ ಹೆಂಡತಿಯ ಹತ್ತಿರ ಹೇಳಿದಳಂತೆ. ಉಳಿದದ್ದು ನಮ್ಮ ತಾಲೂಕಿನ ಮಾಜಿ ಸೈನಿಕರ ಪತ್ತಿನ ಸಂಘ ಒಂದೇ. ಅಲ್ಲಿ ಓದಿಗೆ ಜಾಮೀನು ಬೇಡ, ಸದಸ್ಯತ್ವ ಇದ್ದರೆ ಸಾಕು.

ಸದಸ್ಯರಾಗುವುದಕ್ಕೆ ಮಾತ್ರ ಕಾಯಿದೆ ಬಿಗಿ. ಸೈನಿಕ ಆಗಬಹುದು, ಅವನ ಹೆಂಡತಿ ಆಗಬಹುದು, ಮಗ ಆಗಬಹುದು. ಮಗಳಾದರೆ ಮದುವೆಯಾಗಿರಬಾರದು. ಮದುವೆಗೆ ಮೊದಲೇ ಸೇರಿಕೊಂಡವಳು ಆಮೇಲೆ ಎಲ್ಲಿಗೆ ಹೋದರೂ ಸದಸ್ಯಳೇ. ಆದರೆ ಮದುವೆಯಾದ ಮೇಲೆ ಬಂದವಳಿಗೆ ಬಾಗಿಲಿಲ್ಲ. ಓದುವವರ ಹೆಸರಿಗೇ ಸಾಲ, ಹೆಂಡತಿಯನ್ನು ಸೇರಿಸಿ ಮಗಳಿಗೆ ಕೊಡಿಸುವ ದಾರಿಯೂ ಇಲ್ಲ. ಅರ್ಜಿಯನ್ನು ಸೈನಿಕನೇ ತುಂಬಿ, ಬರೆದದ್ದೆಲ್ಲ ನಿಜವೆಂದು ಸಹಿ ಹಾಕಬೇಕು. ನಾನು 'ಅವಿವಾಹಿತೆ' ಎಂಬಲ್ಲಿ ಗುರುತು ಹಾಕಿ ಕಳಿಸಿದೆ.

ನಮ್ಮ ಕಡೆಯ ರೂಢಿ ಗೊತ್ತಿಲ್ಲದವರಿಗೆ ಇದು ವಿಚಿತ್ರ ಅನ್ನಿಸಬಹುದು. ಗಲ್ಫಿನ ಹುಡುಗನಿಗೆ ರಜೆ ಕಡಿಮೆ. ಆದ್ದರಿಂದ ಒಂದು ರಜೆಯಲ್ಲಿ ಮಸೀದಿಯಲ್ಲಿ ನಿಕಾಹ್ ಮುಗಿಸಿಬಿಡುತ್ತೇವೆ. ಮದುಮಗನಿಗೆ ಹಾಲು ಕೊಡುವುದು, ಊಟ, ಹುಡುಗಿಯನ್ನು ಕರೆದೊಯ್ಯುವುದು ಎಲ್ಲ ಮುಂದಿನ ರಜೆಗೆ. ಅಲ್ಲಿಯವರೆಗೆ ಹುಡುಗಿ ತಾಯಿಮನೆಯಲ್ಲೇ ಇರುತ್ತಾಳೆ, ಕಾಲೇಜಿಗೂ ಹೋಗುತ್ತಾಳೆ. ಯಾರಾದರೂ ಕೇಳಿದರೆ ಮದುವೆ ಬರುವ ವರ್ಷ ಅನ್ನುತ್ತೇವೆ. ನಾನೂ ಹಾಗೆಯೇ ಅನ್ನುತ್ತಿದ್ದೆ, ಹಾಗೆಯೇ ಗುರುತು ಹಾಕಿದ್ದೆ.

ಶುಕ್ರವಾರ ಜುಮಾ ನಮಾಜು ಮುಗಿಸಿ ಅಳಿಯ ದುಬೈಯಿಂದ ನನ್ನ ರೂಮಿಗೆ ಬಂದಿದ್ದ. ಅಲ್ಲಿನ ನೈಫ್ ಪೇಟೆಯ ಒಂದು ಬ್ಯಾಗಿನ ಅಂಗಡಿಯಲ್ಲಿ ಅವನಿಗೆ ಕೆಲಸ. ಊಟ ಮಾಡುತ್ತಾ ಅರ್ಜಿಯ ಫೋಟೋ ತೋರಿಸಿದೆ. ಓದುತ್ತಾ ಹೋದವನು ತುತ್ತನ್ನು ಹಾಗೆಯೇ ಹಿಡಿದುಕೊಂಡ.

"ಮಾಮ, ಇದ್ರಲ್ಲಿ ಅವಳಿಗೆ ಮದುವೆಯೇ ಆಗ್ಲಿಲ್ಲ ಅಂತ ಉಂಟಲ್ಲ?"

ತನ್ನ ಮೊಬೈಲಿನಲ್ಲಿದ್ದ ಇನ್ನೊಂದು ಕಾಗದ ತೋರಿಸಿದ. ಮಗಳ ವೀಸಾಕ್ಕೆಂದು ಮಸೀದಿಯ ಜಮಾಅತಿನಿಂದ ತೆಗೆಸಿದ ನಿಕಾಹ್ ಸರ್ಟಿಫಿಕೇಟು, ಮೇಲೆ ಮೂರು ಮೊಹರು. ಒಂದು ಕಾಗದದಲ್ಲಿ ಹೆಂಡತಿ, ಇನ್ನೊಂದರಲ್ಲಿ ಅವಿವಾಹಿತೆ. ಅಳಿಯ ಅನ್ನವನ್ನು ಅರ್ಧಕ್ಕೆ ಬಿಟ್ಟು ಬಸ್ಸಿಗೆ ಹೊರಟ.

ಎರಡು ದಿನ ನನ್ನ ತಲೆ ಕೆಟ್ಟುಹೋಗಿತ್ತು. ತಪ್ಪಾಗಿದೆ ಎಂದು ಸಂಘಕ್ಕೆ ಬರೆದರೆ ಸೀಟು ಹೋಯಿತು. ಬರೆಯದಿದ್ದರೆ ನನ್ನ ಸಹಿ ಸುಳ್ಳಾಯಿತು. ಹೆಂಡತಿಗೆ ಫೋನ್ ಮಾಡಿದರೆ, ಸುಮ್ಮನಿರಿ, ಯಾರು ಬಂದು ನೋಡ್ತಾರೆ ಎಂದಳು. ಮಗಳಿಗೆ ನಾನು ಏನೂ ಹೇಳಲಿಲ್ಲ. ಅವಳಿಗೆ ಯಾಕೆ ಸಂಕಟ ಎಂದುಕೊಂಡೆ. ಈಗ ಯೋಚಿಸಿದರೆ, ಅವಳನ್ನು ಕೇಳಲು ನನಗೆ ಹೆದರಿಕೆಯಿತ್ತು.

ಸೋಮವಾರ ಗೇಟಿನ ಕ್ಯಾಬಿನ್ನಿನಲ್ಲಿದ್ದಾಗ ಸಂಘದ ಕಾರ್ಯದರ್ಶಿಯ ಫೋನ್ ಬಂತು. ಅವರು ನಿವೃತ್ತ ಸುಬೇದಾರರು. ನನ್ನ ರೆಜಿಮೆಂಟ್ ಯಾವುದು, ಡಿಸ್ಚಾರ್ಜ್ ಆದದ್ದು ಎಲ್ಲಿ ಎಂದು ಕೇಳಿದರು. ಫೌಜಿನ ಅಭ್ಯಾಸ, ನಾನು ಎದ್ದು ನಿಂತೇ ಉತ್ತರ ಕೊಟ್ಟೆ. ಹೊರಗೆ ಒಂದು ಕಾರು ಹಾರ್ನ್ ಹೊಡೆಯುತ್ತಲೇ ಇತ್ತು.

"ಕೊನೇದು, ಹವಾಲ್ದಾರ್ರೇ. ಕಾಗದ ಗೀಗದ ಬೇಡ, ನಿಮ್ಮ ಬಾಯಲ್ಲಿ ಹೇಳಿದ್ರೆ ಸಾಕು. ಮಗಳಿಗೆ ಮದುವೆ ಆಗಿದೆಯಾ?"

ನಿಕಾಹ್ ಆಗಿದೆ ಸಾಬ್ ಅನ್ನಬೇಕೆಂದು ನಾಲಿಗೆಯ ತುದಿಯವರೆಗೆ ತಂದಿದ್ದೆ. ಅಷ್ಟರಲ್ಲಿ ಇಪ್ಪತ್ತನೇ ತಾರೀಕು ಕಣ್ಣ ಮುಂದೆ ಬಂತು.

"ಆಗ್ಲಿಲ್ಲ ಸಾಬ್," ಎಂದೆ.

ಅವರು ಬಹಳ ನಿಧಾನವಾಗಿ, "ನಿನ್ನೆ ಮಗಳ ಹತ್ರ ಇದನ್ನೇ ಕೇಳಿದ್ದೆ. ನಿಕಾಹ್ ಆಗಿದೆ ಅಂದಳು. ನಾನು ಅವಳ ಮಾತನ್ನೇ ಬರ್ಕೊಳ್ತೇನೆ," ಎಂದರು. ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಫೋನ್ ಇಟ್ಟ ಮೇಲೆ ಹಾರ್ನ್ ಹೊಡೆಯುತ್ತಿದ್ದ ಕಾರಿಗೆ ಪಾಸ್ ಕೇಳದೆ ಗೇಟು ತೆಗೆದೆ. ಕೇಳುವ ಮುಖ ಉಳಿದಿರಲಿಲ್ಲ. ನಾಚಿಕೆಯಿಂದ ಕುಗ್ಗಿಹೋಗಿದ್ದೆ. ಅವಳು ನನ್ನ ಮಗಳಲ್ಲವೇ ಎಂಬ ಸಂತೋಷವೂ ಅದರ ಜೊತೆಗೇ ಬಂತು, ಅದರಿಂದ ನಾಚಿಕೆ ಇನ್ನಷ್ಟು ಹೆಚ್ಚಿತು.

ಮಧ್ಯಾಹ್ನ ಅವಳೇ ಫೋನ್ ಮಾಡಿದಳು.

"ಉಪ್ಪಾ, ನಿಮ್ಮ ಹತ್ರ ಕೇಳಿದ್ರಾ? ನೀವೆಂತ ಹೇಳಿದ್ರಿ?"

ಹೇಳಿದೆ. ಅವಳು ಅಳುತ್ತಾಳೆ ಅಂದುಕೊಂಡಿದ್ದೆ, ಅಳಲಿಲ್ಲ.

"ನನಗೆ ಬೇಕಾಗಿ ಸುಳ್ಳು ಹೇಳಿದ್ರಿ, ಅದು ಗೊತ್ತು," ಎಂದಳು. "ಆದ್ರೆ ಆವತ್ತು ನಾನು ಉಮ್ಮನತ್ರ ಹೇಳಿ ಕಳಿಸಿದ್ದೆ, ಎಂ.ಎಸ್ಸಿ. ಸೇರಿದ ಮೇಲೆ ನಿಕಾಹ್ ಆಗ್ಲಿ ಅಂತ. ನೀವು ಕೇಳ್ಲಿಲ್ಲ."

ಅವಳ ಉಮ್ಮ ಬಂದು ಹೇಳಿದ್ದು ನಿಜ. ನಾನು ಆಗ ರಜೆಯಲ್ಲಿ ಊರಲ್ಲಿದ್ದೆ, ಗಡ್ಡ ಬೋಳಿಸುತ್ತಿದ್ದೆ. ಹುಡುಗನ ಟಿಕೆಟ್ ಆಗಿದೆ, ಇನ್ನೇನು ಮಾಡುವುದು ಎಂದು ಕನ್ನಡಿಯಿಂದ ಮುಖ ತಿರುಗಿಸದೆಯೇ ಹೇಳಿ ಕಳಿಸಿದ್ದೆ. ನಾಲ್ಕು ತಿಂಗಳು ತಡೆದಿದ್ದರೆ ಅವಳು ಸಂಘದ ಸದಸ್ಯಳಾಗಿರುತ್ತಿದ್ದಳು. ಬಾಗಿಲು ಮುಚ್ಚಿದ್ದು ಸಂಘದ ಕಾಯಿದೆಯಲ್ಲ, ನಾನು.

ಈ ವರ್ಷದ ಸೀಟು ಬಿಟ್ಟುಬಿಡುತ್ತೇನೆ ಎಂದಳು. ಒಂದು ವರ್ಷ ಆಸ್ಪತ್ರೆಯಲ್ಲಿ ದುಡಿದು, ತನ್ನ ಸಂಬಳದಿಂದಲೇ ಬರುವ ವರ್ಷ ಸೇರುತ್ತಾಳಂತೆ. ಓದು ಮುಗಿಯುವವರೆಗೆ ಮದುವೆಯ ಊಟ ಬೇಡ. ಅದನ್ನು ಅಳಿಯನಿಗೆ ನಾನೇ ಹೋಗಿ ಹೇಳಬೇಕು, ಉಮ್ಮನ ಕೈಲಿ ಹೇಳಿಸಬಾರದು. ಆಯ್ತು ಮೋಳೇ ಎಂದೆ.

ಮುಂದಿನ ಶುಕ್ರವಾರ ದುಬೈ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಮಾತು ಜೋಡಿಸಿದೆ, ಒಂದೂ ಸರಿಹೋಗಲಿಲ್ಲ. ನೈಫಿನ ಗಲ್ಲಿಯಲ್ಲಿ, ಅಂಗಡಿಯ ಮುಂದೆ ನೇತುಹಾಕಿದ್ದ ಬ್ಯಾಗುಗಳ ಕೆಳಗೆ ನಿಂತು, ನನ್ನ ಸುಳ್ಳನ್ನೂ ಸೇರಿಸಿ ಎಲ್ಲ ಹೇಳಿದೆ. ಅವನು ತಲೆ ತಗ್ಗಿಸಿ ಕೇಳಿದ. ಕೆಟ್ಟ ಹುಡುಗನಲ್ಲ ಅವನು. ಕೊನೆಗೆ ಮೊಬೈಲಿನಲ್ಲಿ ಮುಂದಿನ ರಜೆಯ ಟಿಕೆಟ್ ತೆಗೆದು ನನ್ನ ಕಡೆ ಹಿಡಿದ.

"ನನ್ನ ಟಿಕೆಟ್ ಆಗಿದೆ ಮಾಮ."

"ಕ್ಯಾನ್ಸಲ್ ಮಾಡ್ಲಿಕ್ಕೆ ಆಗ್ತದೆ ಮೋನೇ," ಎಂದೆ.