ಹಾಜರಿ ಭಾಂಡುಪ್‌ನಲ್ಲಿ, ನಾನು ಥಾಣೆಯಲ್ಲಿ

ಈ ಉಪಾಯವನ್ನು ನನಗೆ ಮೊದಲು ಹೇಳಿಕೊಟ್ಟದ್ದು ನಮ್ಮ ಮುಂಬೈ ಆಫೀಸಿನ ಅಕೌಂಟ್ಸ್‌ನಲ್ಲಿರುವ ಧಾರವಾಡದ ಶೈಲಕ್ಕ. ಆಫೀಸಿನ ಹೊಸ ಆಪ್‌ನಲ್ಲಿ, ಆಫೀಸಿನ ಹತ್ತಿರ ಬಂದು ಬಟನ್ ಒತ್ತಿದರೆ ಮಾತ್ರ ಹಾಜರಿ ಬೀಳುತ್ತದೆ. "ನಮ್ಮ ಆಫೀಸು ಹಳಿ ಬಾಜೂಕ ಐತಲ್ರೀ, ಭಾಂಡುಪ್ ಬಂದಕೂಡ್ಲೆ ಟ್ರೇನಿನ್ಯಾಗಿಂದನ ಒತ್ತಿಬಿಡ್ರಿ," ಅಂದಿದ್ದರು.

ಇನ್ನೊಂದು ಲೇಟ್ ಮಾರ್ಕ್ ಬಿದ್ದರೆ ಗಣಪತಿ ಹಬ್ಬಕ್ಕೆಂದು ಉಳಿಸಿಕೊಂಡ ರಜೆ ಕಟ್ಟಾಗುವುದರಲ್ಲಿತ್ತು. ಅಂಥ ದಿನವೇ ತಡವಾಗಿ, ಅವಸರದಲ್ಲಿ ಫಾಸ್ಟ್ ಲೋಕಲ್ ಹತ್ತಿಬಿಟ್ಟೆ. ಅದು ಸ್ಲೋ ಗಾಡಿಯ ಹಾಗೆ ಭಾಂಡುಪ್‌ನಲ್ಲಿ ನಿಲ್ಲುವುದಿಲ್ಲ. ಆಫೀಸು ಕಿಟಕಿಯಾಚೆ ಸರಿದುಹೋಗುವಾಗ ಬಟನ್ ಒತ್ತಿದೆ. ಹಾಜರಿ ಬಿತ್ತು, ನಾನು ಮಾತ್ರ ಮುಂದೆ ಹೋದೆ.

ಅಷ್ಟರಲ್ಲಿ ಮ್ಯಾನೇಜರ್ ಫೋನು. "ಮೇಡಂ, ನೀವು ಬಂದಿದ್ದೀರಿ ಅಂತ ಆಪ್ ತೋರಿಸ್ತಿದೆ. ನಾನು ಕ್ಯಾಬಿನ್‌ನಲ್ಲಿ ಮೀಟಿಂಗ್‌ನಲ್ಲಿದ್ದೀನಿ, ಯಾರನ್ನೂ ಒಳಗೆ ಬಿಡಬೇಡಿ."

"ಆಯ್ತು ಸರ್, ಬಾಗಿಲ ಹತ್ರಾನೇ ಕೂತಿದ್ದೀನಿ," ಅಂದೆ.

"ಅಗಲಾ ಸ್ಟೇಷನ್, ಥಾಣೆ" ಎಂಬ ಮುಂದಿನ ನಿಲ್ದಾಣದ ಘೋಷಣೆ ನನ್ನ ತಲೆಯ ಮೇಲೂ ಅವರ ಫೋನಿನೊಳಗೂ ಒಟ್ಟಿಗೇ ಕೇಳಿಸಿತು.

"ಠೀಕ್ ಹೈ ಮೇಡಂ," ಎಂದರು ಅವರು, "ವಾಪಸ್ ಹೋಗೋ ಸ್ಲೋ ಗಾಡಿ ಯಾವ ಪ್ಲಾಟ್‌ಫಾರ್ಮಿಗೆ ಬರುತ್ತೆ?"

ರಜೆ ಉಳಿಯಿತು. ನಿಮ್ಮ ಆಫೀಸಿಗೂ ಇಂಥ ಆಪ್ ಬಂದಿದ್ದರೆ ಶೈಲಕ್ಕನ ಉಪಾಯವನ್ನು ಪಕ್ಕದ ಸೀಟಿನವರಿಗೂ ದಾಟಿಸಿ. ಬಟನ್ ಒತ್ತಿದ ಮೇಲೆ ಇಳಿಯುವ ತನಕ ಫೋನ್ ಎತ್ತಬಾರದು ಅನ್ನುವುದನ್ನು ಮಾತ್ರ ನನ್ನ ಕಡೆಯಿಂದ ಸೇರಿಸಿ ಹೇಳಿ.